ಎಂಜಿನ್ ತಣ್ಣಗಾಗುವವರೆಗೆ

ಹೋದ ಭಾನುವಾರ ಬೆಳ್ಳಾವಿಯಿಂದ ಯಾರೋ ಫೋನ್ ಮಾಡಿದ್ದರು.

"ಹಲೋ, ಬೈಕ್ ನೋಡೋ ಸಾರ್ ಮನೆನಾ?"

ಅಲ್ಲ ಎಂದೆ.

"ಅವ್ರ ನಂಬರಿಗೆ ಮಾಡಿದ್ರೆ ಯಾರೋ ಆಂಟಿ ಎತ್ಕೊಂಡು ನಿಮ್ ನಂಬರ್ ಕೊಟ್ರು ಮೇಡಂ."

ಸಾರ್ ತೀರಿಕೊಂಡು ಐದು ತಿಂಗಳಾಯಿತು ಎಂದು ಹೇಳಬೇಕಾಯಿತು. ಆ ಮನುಷ್ಯ ತಗ್ಗಿದ ದನಿಯಲ್ಲಿ, "ಅಯ್ಯೋ. ನಾನವ್ರಿಗೆ ಒಂದ್ಸಲ ಚೆನ್ನಾಗ್ ಬೈದ್ಬಿಟ್ಟಿದ್ದೆ. ನನ್ ಬೈಕ್ ಮಾರೋವಾಗ ಬಂದು ಎಲ್ಲಾ ಕೆಡಿಸ್ಬುಟ್ರು ಅಂತ. ಈಗ ನಾನೇ ಒಂದು ತಗೋಬೇಕು. ಅದಕ್ಕೇ ಅವ್ರನ್ನೇ ಕರ್ಕೊಂಡ್ ಹೋಗಾಣ ಅಂದ್ಕೊಂಡಿದ್ದೆ" ಎಂದರು.

ಸಾರ್ ಇದ್ದಿದ್ದರೆ ಈ ಫೋನಿನ ಕಥೆಯನ್ನು ಒಂದು ವಾರ ಹೇಳಿಕೊಂಡು ಓಡಾಡುತ್ತಿದ್ದರು.

ಅವರು ನಮ್ಮ ಎದುರು ಮನೆಯವರು. ವಾಹನ ವಿಮೆಯ ಸರ್ವೇಯರ್ ಆಗಿ ನಿವೃತ್ತರಾಗಿದ್ದರು. ಅಪಘಾತವಾದ ಗಾಡಿಗಳನ್ನು ಹೋಗಿ ನೋಡಿ, ಏನೇನು ಮುರಿದಿದೆ, ಎಷ್ಟು ಕೊಡಬಹುದು ಎಂದು ಕಂಪನಿಗೆ ವರದಿ ಬರೆಯುವ ಕೆಲಸ. ಬಡಾವಣೆಯಲ್ಲಿ ಅರ್ಧ ಜನಕ್ಕೆ ಇದು ಕೊನೆಯವರೆಗೂ ತಿಳಿಯಲಿಲ್ಲ. ಸರ್ವೇಯರ್ ಎಂದರೆ ಜಮೀನು ಅಳೆಯುವವರು ಎಂದುಕೊಂಡು, ಪಕ್ಕದ ಸೈಟಿನವನು ಅರ್ಧ ಅಡಿ ಒತ್ತಿದ್ದಾನೆ ಎಂಬ ದೂರು ಹೊತ್ತು ಬರುತ್ತಿದ್ದರು. ಸಾರ್ ಅವರನ್ನೂ ಕೂರಿಸಿ ಎಲ್ಲವನ್ನೂ ಕೇಳುತ್ತಿದ್ದರು. ಕೊನೆಯಲ್ಲಿ, "ಸೈಟ್ ಎಲ್ಲಿಗಾದ್ರೂ ಹೋಗಿ ಗುದ್ದಿದ್ರೆ ಹೇಳಿ, ಬರ್ತೀನಿ" ಎನ್ನುತ್ತಿದ್ದರು.

ಎತ್ತರದ ಆಳು, ಕಡ್ಡಿಯಂತೆ ನೇರ ಬೆನ್ನು. ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟು ಹಾಕದೆ ಹೊರಗೆ ಕಾಲಿಟ್ಟವರಲ್ಲ. ಪ್ಯಾಂಟಿನ ಎರಡು ಜೇಬಿನಲ್ಲಿ ಎರಡು ಬಿಳಿ ಕರವಸ್ತ್ರ. ಬಲಗಡೆಯದು ಮೂಗಿಗೆ, ಎಡಗಡೆಯದು ಬೈಕಿಗೆ. ಮುಂದಿನ ಚಕ್ರದ ಮೇಲಿನ ಹೊಳೆಯುವ ಕೊಳವೆಗಳನ್ನು ಆ ಎಡಗಡೆಯದರಿಂದ ಒರೆಸಿ ನೋಡುತ್ತಿದ್ದರು. ಎಣ್ಣೆಯ ಗುರುತು ಬಂದರೆ ಒಳಗಿನ ಸೀಲು ಹೋಗಿದೆ ಎಂದರ್ಥ. ಜೇಬು ಅದಲು ಬದಲಾದ ದಿನ ಮೂಗಿನ ತುದಿ ಕಪ್ಪಗಾಗಿರುತ್ತಿತ್ತು. ಆ ಕರವಸ್ತ್ರಗಳನ್ನು ಒಗೆಯುವವರು ಅವರ ಹೆಂಡತಿ. ನಾವೆಲ್ಲ ಆಂಟಿ ಎನ್ನುತ್ತೇವೆ. "ಇವರ್ ಸರ್ವೀಸ್ನಲ್ಲಿ ನಾನು ಒಗ್ದಿರೋ ಆಯಿಲ್ನಲ್ಲಿ ಒಂದ್ ಲಾರಿ ಓಡ್ತಿತ್ತು" ಎನ್ನುವುದು ಆಂಟಿಯ ಮಾತು.

ನಿವೃತ್ತಿಯಾದ ಮೇಲೆ ಸಾರ್ ತಮಗಾಗಿ ಒಂದು ಕೆಂಪು ಸ್ಪೋರ್ಟ್ಸ್ ಬೈಕ್ ಕೊಂಡರು. ಮುಂದಕ್ಕೆ ಬಾಗಿ, ಹೊಟ್ಟೆ ಟ್ಯಾಂಕಿಗೆ ಒತ್ತಿ ಓಡಿಸುವಂಥದ್ದು. ಅವರು ಬಾಗುತ್ತಿರಲಿಲ್ಲ. ನೆಟ್ಟಗೆ ಕೂತು ನಲವತ್ತರ ವೇಗದಲ್ಲಿ ಹಾಲು ತರಲು ಹೋಗುತ್ತಿದ್ದರು. ಮೊಪೆಡ್ಡಿನಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡವರು ಕೂಡ ಅವರನ್ನು ಹಿಂದೆ ಹಾಕುತ್ತಿದ್ದರು. "ಕುಣಿಗಲ್ ಕುದುರೆ ತಂದು ಕತ್ತೆ ಥರ ಮೇಯಿಸ್ತಾರೆ" ಎಂದು ಆಂಟಿ ಗೇಟಿನಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಸಾರ್ ಹೆಲ್ಮೆಟ್ ಒಳಗಿಂದ ಗಂಭೀರವಾಗಿ ತಲೆಯಾಡಿಸಿ ಹೊರಡುತ್ತಿದ್ದರು.

ನನಗೆ ಅವರ ಪರಿಚಯ ಹತ್ತಿರವಾದದ್ದು ನನ್ನದೇ ಆಸೆಯಿಂದ. ಗುಬ್ಬಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ದಿನವೂ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲೇಜಿನಲ್ಲಿದ್ದಾಗಿನಿಂದ ಒಂದು ಸ್ಪೋರ್ಟ್ಸ್ ಬೈಕ್ ಬೇಕೆಂದು ಮನಸ್ಸು. ಹೊಸದು ಕೈಗೆ ಎಟುಕುವ ಮಾತಲ್ಲ, ಹಳೆಯದಾದರೆ ಆಗುತ್ತಿತ್ತು. ಅಪ್ಪ ಮೊದಲು ಬೇಡವೇ ಬೇಡ ಎಂದರು. ಆಮೇಲೆ ಒಂದು ಷರತ್ತು ಹಾಕಿದರು: "ಎದುರು ಮನೆ ಸರ್ವೇಯರ್ ಹೂಂ ಅಂದ್ರೆ ತಗೋ. ಅವ್ರು ಹೂಂ ಅನ್ನೋವರ್ಗೂ ನನ್ ಸ್ಕೂಟರ್ ಇದೆ." ಸಾರ್ ಯಾವತ್ತೂ ಹೂಂ ಎನ್ನುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ದಿನಚರಿ ಬರೆಯುವುದು ನನ್ನ ಅಭ್ಯಾಸ. ಅದರ ಪ್ರಕಾರ ನಾನು ಸಾರ್ ಜೊತೆ ನೋಡಲು ಹೋದ ಬೈಕುಗಳು ಹದಿನೇಳು, ಕೊಂಡದ್ದು ಒಂದು. ಬೈಕಿನ ಮುಂದೆ ನಿಂತು ಬರೆದುಕೊಳ್ಳುವುದನ್ನು ಸಾರ್ ಮೊದಲ ದಿನವೇ ನಿಲ್ಲಿಸಿದರು.

"ಬರ್ಕೊಳ್ಳೋದು ಒಳ್ಳೇದು ಕಣಮ್ಮ. ಆದ್ರೆ ಬರೀವಾಗ ತಲೆ ಬಗ್ಗುತ್ತೆ. ಓನರ್ ಮುಖ ತಪ್ಪೋಗುತ್ತೆ."

"ಬೈಕ್ ನೋಡ್ಬೇಕಲ್ವಾ ಸಾರ್?"

"ಬೈಕ್ ಎಲ್ಲೂ ಹೋಗಲ್ಲ, ಆಮೇಲೆ ನೋಡು. ಸ್ಟಾರ್ಟ್ ಮಾಡೋವಾಗ ಮಾತ್ರ ಓನರ್ ಮುಖ ನೋಡು. ಶಬ್ದ ಎಲ್ಲಿಂದ ಬರುತ್ತೆ ಅಂತ ಅವ್ನಿಗೆ ಮೊದ್ಲೇ ಗೊತ್ತಿರುತ್ತೆ. ಕಣ್ಣು ಅಲ್ಲಿಗೇ ಹೋಗುತ್ತೆ."

ಮೊದಲ ಬೈಕು ಗುಬ್ಬಿಯದು. ಅಪ್ಪನ ಸ್ಕೂಟರನ್ನು ನಾನು ಓಡಿಸಿದೆ, ಸಾರ್ ಹಿಂದೆ ಕೂತರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ. ಮಾರುವ ಹುಡುಗನಿಗೆ ಮದುವೆ ನಿಶ್ಚಯವಾಗಿತ್ತು, ಅದಕ್ಕೇ ಮಾರುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಸಾರ್ ಕಡೆ ತಿರುಗಿದ.

"ಬೈಕ್ ನಿಮ್ಗಾ ಸಾರ್?"

"ಇವ್ಳಿಗೆ."

"ತಂಗಿಗಾ? ಹೈಟ್ ಜಾಸ್ತಿ ಆಗಲ್ವಾ? ಅವ್ರಿಗೆ ಸ್ಕೂಟಿನೇ ಸರಿ ಸಾರ್."

"ತುಮಕೂರಿಂದ ಇಲ್ಲೀಗಂಟ ನನ್ನ ಕೂರಿಸ್ಕೊಂಡ್ ಬಂದವ್ಳೆ. ನನ್ ಹೈಟ್ ನೋಡಪ್ಪ."

ಹುಡುಗ ನಕ್ಕು ಬೈಕಿನ ಮೇಲಿನ ಹೊದಿಕೆ ತೆಗೆದ. ನೀಲಿ ಬಣ್ಣ, ಹೊಳೆಯುತ್ತಿತ್ತು. ನನಗೆ ಅಲ್ಲೇ ಅದರ ಮೇಲೆ ಮನಸ್ಸಾಗಿಬಿಟ್ಟಿತು. ಸಾರ್ ಬೈಕನ್ನು ನೋಡಲೇ ಇಲ್ಲ. "ಸ್ವಲ್ಪ ಮುಂದಕ್ಕೆ ತಳ್ಳಪ್ಪ" ಎಂದರು. ಅವನು ತಳ್ಳಿದ ಮೇಲೆ ಬೈಕು ನಿಂತಿದ್ದ ಜಾಗದ ನೆಲವನ್ನು ಬಗ್ಗಿ ನೋಡಿದರು. ಎಣ್ಣೆ ಸೋರುವ ಗಾಡಿಯನ್ನು ಎಷ್ಟು ತೊಳೆದರೂ ಸರಿ, ಅದು ದಿನವೂ ನಿಲ್ಲುವ ನೆಲವನ್ನು ಯಾರೂ ತೊಳೆಯುವುದಿಲ್ಲ ಎನ್ನುವುದು ಅವರ ಅನುಭವ. ನೆಲ ಚೊಕ್ಕವಾಗಿತ್ತು. ಆಮೇಲೆ ಬಲಗೈ ಮಗುಚಿ, ಜ್ವರ ನೋಡುವವರಂತೆ ಬೆರಳುಗಳ ಹಿಂಬದಿಯನ್ನು ಎಂಜಿನ್ನಿಗೆ ತಾಗಿಸಿದರು.

"ಬಿಸಿ ಇದ್ಯಲ್ಲಪ್ಪ."

"ಬಿಸಿಲಿಗ್ ನಿಂತಿತ್ತು ಸಾರ್."

ಸಾರ್ ತಲೆಯೆತ್ತಿ ನೋಡಿದರು. ಮೇಲೆ ಶೀಟು. ಶೀಟಿನ ಮೇಲೆ ಬೇವಿನ ಮರದ ನೆರಳು.

"ಸರಿ ಬುಡು. ಕಾಯ್ತೀವಿ."

"ಯಾಕ್ ಸಾರ್?"

"ತಣ್ಣಗಾಗ್ಲಿ ಅಂತ."

"ಒಂದೆರಡ್ ಗಂಟೆ ಆಗುತ್ತೆ ಸಾರ್!"

"ನಂಗೇನಪ್ಪ ಕೆಲ್ಸ? ರಿಟೈರ್ ಆಗಿದೀನಿ."

ಇದು ಅವರ ಪದ್ಧತಿ. ಬಿಸಿ ಎಂಜಿನ್ನು ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಒಳಗಿನ ಕಟಕಟ ಸದ್ದುಗಳನ್ನು ನುಂಗಿಕೊಳ್ಳುತ್ತದೆ. "ಬಿಸಿ ಎಂಜಿನ್ ಅಂದ್ರೆ ಮದುವೆ ಮನೆ ಬೀಗರು ಇದ್ದಂಗೆ ಕಣಮ್ಮ. ಎಲ್ರೂ ಒಳ್ಳೆಯವ್ರೇ. ಮದುವೆ ಆಗಿ ಆರು ತಿಂಗ್ಳು ಆದ್ಮೇಲೆ ಹೋಗಿ ಮಾತಾಡಿಸ್ಬೇಕು." ಹಾಗಾಗಿ ಎಂಜಿನ್ ತಣ್ಣಗಾಗುವವರೆಗೆ ಮಾರುವವರ ಮನೆಯ ಜಗಲಿಯಲ್ಲೇ ಕೂತುಬಿಡುತ್ತಿದ್ದರು. ಹೀಗೆ ಕೂತು ನಾವು ಕುಡಿದ ಕಾಫಿ, ತಿಂದ ಕೋಡುಬಳೆ, ನೋಡಿದ ಮದುವೆ ಆಲ್ಬಮ್ಮುಗಳು ಬೇಕಾದಷ್ಟು. ಕಾಯುವಾಗ ಸಾರ್ ಬೈಕಿನ ಮಾತೆತ್ತುತ್ತಿರಲಿಲ್ಲ. ಮನೆಯ ಅಜ್ಜಿಯ ಮಂಡಿನೋವು, ಬೋರ್‌ವೆಲ್ಲು, ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸರಿಯೋ ಕಾಯಿಚಟ್ನಿಯೋ, ಹೀಗೆ. ಎದ್ದು ಹೊರಡುವಾಗ ಬೈಕಿನ ಚರಿತ್ರೆ ತಾನಾಗಿ ಹೊರಬಿದ್ದಿರುತ್ತಿತ್ತು.

ಗುಬ್ಬಿಯಲ್ಲೂ ಹಾಗೇ ಆಯಿತು. "ಬೈಕ್ ಒಂದ್ಸಲಾನೂ ಬಿದ್ದಿಲ್ಲ ಸಾರ್" ಎಂದು ಹುಡುಗ ಹೇಳುತ್ತಿದ್ದಂತೆ, ಕಾಫಿ ತಂದ ಅವನ ತಾಯಿ ತಟ್ಟೆ ಹಿಡಿದೇ ನಿಂತರು.

"ಯಾಕ್ಲಾ, ಆವತ್ತು ಮಲ್ಲಸಂದ್ರದ ಹತ್ರ ಬಿದ್ದು ಕೈಗೆ ಬ್ಯಾಂಡೇಜ್ ಸುತ್ಕೊಂಡ್ ಬರ್ಲಿಲ್ವಾ? ನಾನೇ ವಾರಗಟ್ಲೆ ತುತ್ತು ತಿನ್ನಿಸಿದೀನಿ."

"ಅಮ್ಮಾ, ಒಳಗೋಗು ನೀನು!"

"ನಾನ್ಯಾಕ್ ಹೋಗ್ಲಿ? ದೇವ್ರು ಉಳಿಸ್ದ ಅಂತ ಹೇಳ್ಕಳಕ್ಕೂ ನಾಚ್ಕೆನಾ?"

ಸಾರ್ ಲೋಟ ಕೆಳಗಿಟ್ಟು ಬೈಕಿನ ಹತ್ತಿರ ಹೋದರು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಅದು ಬಂದು ತಾಗಿ ನಿಲ್ಲುವ ಕಡೆ ಚಾಸಿಯ ಮೇಲಿನ ಚಿಕ್ಕ ಕಬ್ಬಿಣದ ಗಂಟನ್ನು ಟಾರ್ಚ್ ಹಾಕಿ ನನಗೆ ತೋರಿಸಿದರು. ಅದು ಒಂದು ಕಡೆ ನಜ್ಜಾಗಿತ್ತು. ಜೋರಾಗಿ ಬಿದ್ದ ಬೈಕಿನಲ್ಲಿ ಹೊರಗಿನ ಪ್ಲಾಸ್ಟಿಕ್ಕನ್ನೆಲ್ಲ ಹೊಸದಾಗಿ ಹಾಕಿಸಬಹುದು, ಈ ಗಂಟನ್ನು ಮಾತ್ರ ಯಾರೂ ಸರಿಮಾಡಿಸುವುದಿಲ್ಲ.

"ಬಿದ್ದಿರೋದು ತಪ್ಪಲ್ಲಪ್ಪ" ಎಂದು ಹುಡುಗನಿಗೆ ಹೇಳಿದರು. "ಬಿದ್ದಿಲ್ಲ ಅನ್ನೋದು ತಪ್ಪು."

ಎಂಜಿನ್ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿ ಕೇಳಿದರು. ಸದ್ದು ಸರಿಯಿತ್ತು. ಆಮೇಲೆ ಹುಡುಗನ ಎದುರಿಗೇ ನಿಂತು ತೀರ್ಮಾನ ಹೇಳಿದರು. ಅದಕ್ಕೂ ಒಂದು ಕ್ರಮವಿತ್ತು. ಮೊದಲು ಮೂರು ಒಳ್ಳೆಯ ಗುಣ. ಮೂರು ಸಿಗುವವರೆಗೆ ಹುಡುಕುತ್ತಿದ್ದರು. ಒಮ್ಮೆ ಗೂಳೂರಿನಲ್ಲಿ ಒಂದು ಬೈಕಿಗೆ ಎರಡೇ ಸಿಕ್ಕಿ, "ಹಾರ್ನ್ ಚೆನ್ನಾಗಿದೆ" ಎಂದು ಮೂರನೆಯದನ್ನು ಸೇರಿಸಿದ್ದರು. ಆಮೇಲೆ ದೋಷಗಳು. ಹಿಂದಿನ ಚಕ್ರದ ಬಳಿ ಚೈನನ್ನು ಎಳೆದರೆ ಹಲ್ಲುಚಕ್ರದಿಂದ ಎಷ್ಟು ಮೇಲೇಳುತ್ತದೆ, ಟೈರಿನ ಮಗ್ಗುಲಲ್ಲಿ ಒತ್ತಿರುವ ಅಂಕಿಗಳ ಪ್ರಕಾರ ಅದು ತಯಾರಾದದ್ದು ಯಾವ ವರ್ಷ, ಎಂಜಿನ್ ತಂಪಾಗಿಸುವ ಕೂಲೆಂಟ್ ನೀರಿನ ಬಣ್ಣ ತುಕ್ಕಿಗೆ ತಿರುಗಿದೆಯೇ, ಚಾಸಿ ನಂಬರು ಆರ್‌ಸಿಯಲ್ಲಿ ಇರುವುದೇ ಹೌದೇ, ಎಲ್ಲವೂ ಬರುತ್ತಿತ್ತು. ಕೊನೆಗೆ, "ನನ್ನ ವರದಿ ಇಷ್ಟು." ತಗೋ ಎಂದಾಗಲಿ ಬೇಡ ಎಂದಾಗಲಿ ಹೇಳುತ್ತಿರಲಿಲ್ಲ.

ಹುಡುಗನಿಗೆ ಸಿಟ್ಟು ಬಂದಿತ್ತು. "ಇದ್ರಿಂದ ನಿಮ್ಗೇನ್ ಸಿಗುತ್ತೆ ಸಾರ್?"

"ಕಾಫಿ" ಎಂದರು ಸಾರ್. "ಸರ್ವೀಸ್ನಲ್ಲಿದ್ದಾಗ ಅದೂ ಸಿಗ್ತಿರ್ಲಿಲ್ಲ. ನಾನ್ ಬರ್ದಿದ್ದು ಕಮ್ಮಿ ಅಂತ ಗಾಡಿಯವ್ರು ಬೈಯೋರು, ಜಾಸ್ತಿ ಅಂತ ಕಂಪನಿಯವ್ರು ಬೈಯೋರು."

ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾದರೆ ಇದೆಲ್ಲ ಯಾಕೆ ಎಂಬುದು ನನಗೆ ಬಹಳ ದಿನ ಕಾಡಿದ ಪ್ರಶ್ನೆ. ಮಂಡಿನೋವು ಇಟ್ಟುಕೊಂಡು, ಭಾನುವಾರದ ನಿದ್ದೆ ಬಿಟ್ಟು, ಪರಿಚಯವಿಲ್ಲದವರಿಗಾಗಿ ಕೂಡ ಹೋಗುತ್ತಿದ್ದರು. ಒಮ್ಮೆ ಗುಬ್ಬಿಯಿಂದ ವಾಪಸಾಗುವಾಗ ದಾರಿಯಲ್ಲಿ ಎಳನೀರಿಗೆ ನಿಂತಿದ್ದೆವು. ಆಗ ಕೇಳಿದೆ.

ಅವರು ಬುರುಡೆಯನ್ನು ಎತ್ತಿ ಪೂರ್ತಿ ಕುಡಿದು ಮುಗಿಸಿ ಮಾತಾಡಿದರು. "ನನ್ ಜೀವಮಾನದಲ್ಲಿ ನೋಡಿದ್ದೆಲ್ಲಾ ಬಿದ್ದಿರೋ ಗಾಡಿನೇ ಕಣಮ್ಮ. ಸ್ಟೇಷನ್ ಮುಂದೆ ಧೂಳು ಹಿಡ್ದು ಬಿದ್ದಿರೋವು. ನೋಡಿದ್ ತಕ್ಷಣ ಗೊತ್ತಾಗೋದು, ಚೈನ್ ಮೊದ್ಲೇ ಸವೆದಿತ್ತು, ಟೈರ್ ಮೊದ್ಲೇ ಹೋಗಿತ್ತು ಅಂತ. ಅದ್ನ ಯಾರಿಗ್ ಹೇಳ್ಲಿ? ಓಡಿಸ್ತಿದ್ದ ಹುಡುಗ ಆಸ್ಪತ್ರೆನಲ್ಲೋ, ಇನ್ನೆಲ್ಲೋ. ಹೋಗಿ ಹೇಳೋ ಹೊತ್ತಿಗೆ ಲೇಟಾಗಿರೋದು." ಬುರುಡೆಯನ್ನು ರಾಶಿಯ ಮೇಲೆ ಮೆತ್ತಗೆ ಇಟ್ಟರು. "ನಿಂತಿರೋ ಬೈಕ್ ನೋಡೋದೇ ಒಂದ್ ಸುಖ."

ಆಮೇಲೆ ಆ ವಿಷಯ ಮತ್ತೆ ಎತ್ತಲಿಲ್ಲ. ಎಳನೀರಿನವನ ಮಚ್ಚಿನ ಹಿಡಿ ಸಡಿಲವಾಗಿದೆ ಎಂದು ಅವನಿಗೆ ಹೇಳಿ, ಸರಿಮಾಡಿಸಿಕೊಳ್ಳುತ್ತೇನೆ ಎಂದು ಅವನ ಬಾಯಿಂದ ಬರುವವರೆಗೆ ಸ್ಕೂಟರ್ ಹತ್ತಲಿಲ್ಲ.

ಹದಿನಾರನೆಯ ಬೈಕು ಕುಣಿಗಲ್ಲಿನದು. ಹೆಬ್ಬೂರು ದಾಟಿ ಹೋಗುವಾಗ ಸಾರ್ ಹಿಂದಿನಿಂದ, "ಇವತ್ತು ಸಿಗುತ್ತೆ ನೋಡು" ಎಂದಿದ್ದರು. ಫೋಟೋ ನೋಡಿಯೇ ಅವರಿಗೆ ಹಿಡಿಸಿತ್ತು. ಮಾರುತ್ತಿದ್ದವರು ಸಾದಿಕ್ ಎಂಬ ಬಟ್ಟೆ ಅಂಗಡಿಯವರು, ಮೂವತ್ತರ ಆಸುಪಾಸು, ಮೆದು ಮಾತು. ಅಂಗಡಿಯ ಹಿಂದಿನ ಅಂಗಳದಲ್ಲಿ ಬೈಕು ನಿಲ್ಲಿಸಿದ್ದರು. ನೆಲ ಚೊಕ್ಕ. ಎಂಜಿನ್ ತಣ್ಣಗೆ. ಬಿದ್ದಿದೆಯೇ ಎಂದು ಕೇಳುವ ಮೊದಲೇ ಸಾದಿಕ್, "ಒಂದ್ಸಲ ಅಂಗಡಿ ಮುಂದೆ ನಿಂತಿದ್ದಂಗೇ ಬಿದ್ದಿದೆ ಸಾರ್, ಬಲಗಡೆ ಗೀರು ನೋಡಿ" ಎಂದರು. ಸಾರ್ ಮುಖ ಅರಳಿತು. ನಾನು ಆಗಲೇ ಅಪ್ಪನಿಗೆ ಫೋನ್ ಮಾಡುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಸಾದಿಕ್ ಸ್ಟಾರ್ಟ್ ಮಾಡಿದರು. ಓನರ್ ಮುಖ ನನಗೆ ಬಿಟ್ಟು, ಸಾರ್ ಎಂದಿನಂತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ಬಿಟ್ಟು, "ಕ್ಲೀನ್" ಎಂದರು.

ಆದರೆ ನನಗೆ ಕೇಳಿಸಿತ್ತು. ಸ್ಟೀಲ್ ಲೋಟದಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದಂಥ ಸಣ್ಣ ಕಟಕಟ. ಹತ್ತು ಉಸಿರಿನಷ್ಟು ಹೊತ್ತು ಇದ್ದು ನಿಂತುಹೋಯಿತು. ಸಾದಿಕ್ ಅವರ ಮುಖ ನೋಡಿದೆ. ಅವರ ಕಣ್ಣು ಎಂಜಿನ್ನಿನ ಬಲ ಮಗ್ಗುಲಿಗೆ ಹೋಗಿ ಅಲ್ಲೇ ನಿಂತಿತ್ತು.

"ಸಾರ್, ಸದ್ದು ಬಂತು" ಎಂದೆ.

"ಎಲ್ಲಿ?"

"ಬಲಗಡೆ. ಈಗ ನಿಂತೋಯ್ತು."

ಸಾರ್ ನನ್ನನ್ನು ನೋಡಿದರು, ಸಾದಿಕ್ ಅವರನ್ನು ನೋಡಿದರು. ಸಾದಿಕ್ ಎಂಜಿನ್ ಆಫ್ ಮಾಡಿ, "ಹೌದ್ ಸಾರ್. ಬೆಳಗ್ಗೆ ಹೊತ್ತು ಬರುತ್ತೆ. ನಿಮ್ಗೆ ಕೇಳ್ಸೇ ಕೇಳ್ಸುತ್ತೆ, ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ" ಎಂದರು.

ಎಂಜಿನ್ನಿನ ಒಳಗೆ ಒಂದು ಚಿಕ್ಕ ಚೈನು ಇರುತ್ತದೆ. ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವುದು ಟೆನ್ಷನರ್ ಎಂಬ ಭಾಗ. ಅದು ಸೋತರೆ ತಣ್ಣಗಿರುವಾಗ ಹೀಗೆ ಸದ್ದು ಬರುತ್ತದೆ. ಹದಿನೈದು ಬೈಕುಗಳಲ್ಲಿ ಇದನ್ನೇ ಸಾರ್ ನನಗೆ ಮತ್ತೆ ಮತ್ತೆ ಕೇಳಿಸಿಕೊಟ್ಟಿದ್ದರು.

ಆ ದಿನ ವರದಿ ಹೇಳಲಿಲ್ಲ. ಮೂರು ಒಳ್ಳೆಯ ಗುಣಗಳನ್ನೂ ಹೇಳಲಿಲ್ಲ. ಸಾದಿಕ್ ಕೈ ಹಿಡಿದು, "ಒಳ್ಳೇ ಬೈಕು, ಒಳ್ಳೇ ಮನುಷ್ಯ ನೀನು. ಬರ್ತೀವಿ" ಎಂದು ಹೊರಟುಬಿಟ್ಟರು. ಹೆಬ್ಬೂರಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಕೇಳಿದರು.

"ಹೆಂಗಿತ್ತಮ್ಮ ಆ ಸದ್ದು?"

ಕಡಲೆಕಾಳಿನ ಲೋಟದ ಹೋಲಿಕೆ ಹೇಳಿದೆ.

"ಹೂಂ. ಹಂಗೇ ಇರುತ್ತೆ ಅದು." ಟೀ ಆರಿಹೋಗುವವರೆಗೂ ಲೋಟವನ್ನು ಕೈಯಲ್ಲೇ ಹಿಡಿದಿದ್ದರು. "ಆಂಟಿಗೆ ಹೇಳ್ಬೇಡ."

ಹೇಳಬೇಕಾಗಿಯೇ ಇರಲಿಲ್ಲ. ಮರುವಾರ ನಾನು ಕೊಬ್ಬರಿ ಮಿಠಾಯಿ ಕೊಡಲು ಹೋದಾಗ ಆಂಟಿ ಅಡುಗೆಮನೆಯಲ್ಲಿ ತಾವಾಗಿ ಹೇಳಿದರು. "ಕುಕ್ಕರ್ ಎದುರೇ ಪೇಪರ್ ಓದ್ತಾ ಕೂತಿರ್ತಾರೆ, ವಿಷಲ್ ಎಷ್ಟಾಯ್ತು ಅಂದ್ರೆ ಲೆಕ್ಕ ಇಟ್ಟಿಲ್ಲ ಅಂತಾರೆ. ಕೇಳಿಸಲ್ಲ ಅಂತ ನಂಗ್ ಗೊತ್ತು. ನಂಗ್ ಗೊತ್ತು ಅಂತ ಅವ್ರಿಗ್ ಗೊತ್ತಿಲ್ಲ. ಸಣ್ಣದು, ಕೀಚಲು, ಅಂಥ ಸದ್ದೇ ಹೋಗಿರೋದು. ನಾನು ಬೈಯೋದು ಪೂರ್ತಿ ಕೇಳ್ಸುತ್ತೆ, ಅದಕ್ಕೇನೂ ತೊಂದ್ರೆ ಇಲ್ಲ."

ಕುಣಿಗಲ್ಲಿಗೆ ಹೋಗಿ ಬಂದ ಮೇಲೆ ಸಾರ್ ಯಾರ ಬೈಕನ್ನೂ ನೋಡಲು ಹೋಗಲಿಲ್ಲ. ಫೋನ್ ಬಂದರೆ ಮಂಡಿನೋವು ಎನ್ನುತ್ತಿದ್ದರು. ಕೆಂಪು ಬೈಕು ಪೋರ್ಟಿಕೋದಲ್ಲೇ ಇರುತ್ತಿತ್ತು. ಹಾಲಿಗೆ ನಡೆದು ಹೋಗತೊಡಗಿದರು. ನಾನು ಬಸ್ಸಿನಲ್ಲೇ ಗುಬ್ಬಿಗೆ ಹೋಗಿ ಬರುತ್ತಿದ್ದೆ. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ ಬೈಕು ನೋಡುವ ಮನಸ್ಸಾಗಲಿಲ್ಲ. ಅಪ್ಪನ ಷರತ್ತು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಕೆಂಪು ಬೈಕಿನ ಎದುರಿಗೆ ಇನ್ನೊಂದು ಬೈಕನ್ನು ತಂದು ನಿಲ್ಲಿಸುವುದು ಹೇಗೆ ಎಂದು ಸಂಕೋಚ.

ಒಂದು ಶನಿವಾರ ಸಂಜೆ ಸಾರ್ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

"ನಾಳೆ ಬೆಳಗ್ಗೆ ಏಳಕ್ಕೆ ರೆಡಿ ಇರು. ಒಂದ್ ಬೈಕ್ ಇದೆ. ಇಲ್ಲೇ, ನಮ್ ಏರಿಯಾನೇ."

"ನೀವೂ ಬರ್ತೀರಾ ಸಾರ್?"

"ನಾನ್ ಅಲ್ಲೇ ಇರ್ತೀನಿ. ಓನರ್ ಸ್ವಲ್ಪ ತಲೆಹರಟೆ. ಹುಷಾರು."

ಬೆಳಗ್ಗೆ ಹೋಗಿ ನೋಡಿದರೆ ಕೆಂಪು ಬೈಕಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಸ್ತ್ರಿ ಶರ್ಟು, ಬಾಚಿದ ಕೂದಲು. ನನ್ನನ್ನು ಕಂಡು ಎದ್ದು ನಿಂತರು.

"ಬನ್ನಿ, ಬನ್ನಿ ಮೇಡಂ. ಬೈಕ್ ನೋಡಕ್ ಬಂದ್ರಾ?"

"ಸಾರ್, ಇದು ನಿಮ್ದು..."

"ಸಾರ್ ಗೀರ್ ಎಲ್ಲಾ ಆಮೇಲೆ. ನಾನು ಓನರ್. ನೋಡ್ಕೊಳಿ."

ಒಳಗಿಂದ ಆಂಟಿ, "ಬೆಳಗ್ಗೆ ಐದೂವರೆಯಿಂದ ಶುರುವಾಗಿದೆ ಇವರ್ ನಾಟಕ. ನೀನು ಹೂಂ ಅನ್ನು, ತಿಂಡಿಗೆ ಹೊತ್ತಾಯ್ತು" ಎಂದರು.

ನನಗೆ ನಗು ಬಂತು, ಹೆದರಿಕೆಯೂ ಆಯಿತು. ಅವರು ನಿಜವಾಗಿಯೂ ಮಾರುತ್ತಿದ್ದರು. ಹೂಂ ಎಂದುಬಿಡುವುದು ಸುಲಭವಿತ್ತು. ಬೈಕು ನನ್ನದಾಗುತ್ತಿತ್ತು, ಅಪ್ಪನೂ ಒಪ್ಪುತ್ತಿದ್ದರು. ಆದರೆ ಸುಮ್ಮನೆ ಹೂಂ ಎಂದರೆ ಅವರಿಗೆ ಅವಮಾನ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಹದಿನಾರು ಬೈಕುಗಳಿಂದ ನಾನು ಏನು ಕಲಿತೆ ಎಂದು ನೋಡಬೇಕೆಂಬ ಕುತೂಹಲದಿಂದ ಅವರ ಕಣ್ಣು ಹೊಳೆಯುತ್ತಿತ್ತು.

"ಸ್ವಲ್ಪ ಮುಂದಕ್ಕೆ ತಳ್ತೀರಾ?" ಎಂದೆ.

ತಳ್ಳಿದರು. ನೆಲ ನೋಡಿದೆ. ಒಂದು ಹನಿಯಿಲ್ಲ. ಅವರ ಎಡ ಜೇಬಿನ ಕರವಸ್ತ್ರವನ್ನೇ ಕೇಳಿ ತೆಗೆದುಕೊಂಡು ಮುಂದಿನ ಕೊಳವೆ ಒರೆಸಿದೆ. ಬೆಳ್ಳಗೇ ಬಂತು. ಹ್ಯಾಂಡಲ್ ತಿರುಗಿಸಿ ಗಂಟು ನೋಡಿದೆ.

"ಬಿದ್ದಿದ್ಯಾ?"

"ಬಿದ್ದಿದೆ. ಎಡಕ್ಕೆ, ಇದೇ ಜಾಗದಲ್ಲಿ. ಸ್ಟ್ಯಾಂಡ್ ಹಾಕೋದ್ ಮರ್ತು ಇಳಿದ್ಬಿಟ್ಟೆ."

"ನಂಗೆ ಬೆಕ್ಕು ಬೀಳಿಸ್ತು ಅಂತ ಹೇಳಿದ್ರಲ್ರೀ!" ಎಂದು ಒಳಗಿಂದ ಆಂಟಿಯ ದನಿ.

ಓನರ್ ಅದನ್ನು ಕೇಳಿಸಿಕೊಳ್ಳದವರಂತೆ ಮೇಲೆ ನೋಡಿದರು. ನಾನು ಕೈ ಮಗುಚಿ ಎಂಜಿನ್ನಿಗೆ ತಾಗಿಸಿದೆ.

ಬಿಸಿಯಾಗಿತ್ತು.

ಇನ್ನೊಂದು ಕಡೆ ಮುಟ್ಟಿ ನೋಡಿದೆ. ಅಲ್ಲೂ ಬಿಸಿ. ಐದೂವರೆಯಿಂದ ನಡೆದ ನಾಟಕ ಯಾವುದೆಂದು ಆಗ ಅರ್ಥವಾಯಿತು.

"ಬಿಸಿ ಇದೆ" ಎಂದೆ.

"ಬಿಸಿಲು" ಎಂದರು ಸಾರ್.

ಬೆಳಗಿನ ಏಳು ಗಂಟೆ. ಪೋರ್ಟಿಕೋದ ಒಳಗೆ ಬಿಸಿಲು ಬರಬೇಕಾದರೆ ಹನ್ನೊಂದಾಗಬೇಕು. ಗುಬ್ಬಿಯ ಹುಡುಗ ಹೇಳಿದ್ದೂ ಇದನ್ನೇ, ಗೂಳೂರಿನವನು ಹೇಳಿದ್ದೂ ಇದನ್ನೇ. ನನ್ನ ಬಾಯಿಗೆ ಬಂದ ಮಾತೂ ನನ್ನದಾಗಿರಲಿಲ್ಲ.

"ಸರಿ ಬುಡಿ. ಕಾಯ್ತೀವಿ."

ಸಾರ್ ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಜೋರಾಗಿ ನಗಲು ಶುರುಮಾಡಿದರು. ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಏನಾಯ್ತು ಇವ್ರಿಗೆ?"

"ಸಿಕ್ಕಾಕೊಂಡೆ ಕಣೇ" ಎಂದರು ಸಾರ್ ಕಣ್ಣು ಒರೆಸಿಕೊಳ್ಳುತ್ತ. ಒರೆಸಿಕೊಂಡದ್ದು ಬಲ ಜೇಬಿನ ಕರವಸ್ತ್ರದಲ್ಲೇ.

ಎಂಜಿನ್ ತಣ್ಣಗಾಗುವವರೆಗೆ ಕಾದೆವು. ತಟ್ಟೆ ಇಡ್ಲಿ ತಿಂದೆವು, ಎರಡು ಸಲ ಕಾಫಿಯಾಯಿತು. ಅವರ ಮದುವೆ ಆಲ್ಬಮ್ಮು ಇಷ್ಟು ವರ್ಷದಲ್ಲಿ ಮೊದಲ ಸಲ ನೋಡಿದೆ. ಅದರಲ್ಲೂ ಸಾರ್ ಕಡ್ಡಿಯಂತೆ ನೇರ. ಆಂಟಿ ತಟ್ಟೆ ಎತ್ತಿಕೊಂಡು ಒಳಗೆ ಹೋದಾಗ ಸಾರ್ ತಾವಾಗಿ ಮಾತೆತ್ತಿದರು.

"ಮೋಸ ಮಾಡೋಣ ಅಂತಲ್ಲ ಕಣಮ್ಮ."

"ಗೊತ್ತು ಸಾರ್."

"ತಣ್ಣಗಿದ್ದಾಗ ಅದು ಸದ್ದು ಮಾಡುತ್ತೋ ಇಲ್ವೋ ನಂಗ್ ಗೊತ್ತಿಲ್ಲ. ಮೊದ್ಲು ಮಾಡ್ತಿರ್ಲಿಲ್ಲ. ಈಗ ಕುಣಿಗಲ್ ಆದ್ಮೇಲೆ ದಿನಾ ಬೆಳಗ್ಗೆ ಬಂದು ಸ್ಟಾರ್ಟ್ ಮಾಡಿ ಕಿವಿ ಇಟ್ಕೊಂಡ್ ನಿಲ್ತೀನಿ. ಕ್ಲೀನ್ ಅನ್ಸುತ್ತೆ. ಆದ್ರೆ ಕುಣಿಗಲ್ ಬೈಕೂ ಕ್ಲೀನ್ ಅನ್ಸಿತ್ತಲ್ಲ." ಬೆರಳುಗಳಿಂದ ಕುರ್ಚಿಯ ಕೈ ತಟ್ಟಿದರು. "ಇವ್ಳನ್ನ ಕೇಳಿದ್ರೆ ಎಲ್ಲಾ ಬೈಕೂ ಗಲಾಟೆನೇ ಅಂತಾಳೆ. ಮೆಕ್ಯಾನಿಕ್ನ ಕೇಳ್ಬೋದಿತ್ತು. ಕೇಳೋಕೆ ಆಗ್ಲಿಲ್ಲ. ಕೇಳ್ಸಲ್ಲ ಅಂತ ಅವ್ನಿಗ್ ಗೊತ್ತಾಗುತ್ತಲ್ಲ. ಇವತ್ತು ಬೆಳಗ್ಗೆ ಎದ್ದೋನೇ ಏನನ್ಸ್ತೋ, ಸುಮ್ನೆ ಬಿಸಿ ಮಾಡ್ಬಿಟ್ಟೆ. ಇಷ್ಟ್ ವರ್ಷ ಬೇರೆಯವ್ರು ಯಾಕ್ ಹಂಗ್ ಮಾಡ್ತಾರೆ ಅಂತ ಅಂದ್ಕೊತಿದ್ದೆ."

"ಈಗ ಗೊತ್ತಾಯ್ತಾ ಸಾರ್?"

"ಹೂಂ. ಬೈಕಿಗಲ್ಲ ಕಣಮ್ಮ ಅದು, ಮರ್ಯಾದೆಗೆ."

ಒಂಬತ್ತೂವರೆಗೆ ಎಂಜಿನ್ ಮುಟ್ಟಿದೆ. ಪೋರ್ಟಿಕೋದ ಕಂಬದಷ್ಟೇ ತಣ್ಣಗಿತ್ತು. ಸಾರ್ ಕೀಲಿ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಂಟಿ ಮಿಕ್ಸಿ ನಿಲ್ಲಿಸಿ ಬಾಗಿಲಿಗೆ ಬಂದರು.

ಗುಂಡಿ ಒತ್ತಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಅಭ್ಯಾಸಬಲದಿಂದ ಓನರ್ ಮುಖ ನೋಡಲು ಕಣ್ಣೆತ್ತಿದೆ. ಅವರ ಕಣ್ಣು ಎಂಜಿನ್ನಿನ ಕಡೆ ಹೋಗಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಲೂ ಇರಲಿ‌ಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತಮಗೆ ಕೇಳಿಸದ್ದನ್ನು ಅಲ್ಲಿ ಹುಡುಕುತ್ತಿದ್ದರು.

ಕಡಲೆಕಾಳಿನ ಸದ್ದು ಬಂತು. ಬಹಳ ಸಣ್ಣಗೆ. ಎರಡು ಮೂರು ಉಸಿರಿನಷ್ಟು ಹೊತ್ತು ಇದ್ದು ಹೋಯಿತು. ನಾನು ಮುಖದಲ್ಲಿ ಏನನ್ನೂ ತೋರಿಸಬಾರದು ಎಂದುಕೊಂಡೆ. ಎಲ್ಲ ಓನರುಗಳೂ ಹಾಗೇ ಅಂದುಕೊಂಡಿರುತ್ತಾರೆ.

"ಬಲಗಡೆನಾ?" ಎಂದರು ಸಾರ್.

"ಹೂಂ ಸಾರ್."

ಅವರು ನಿಧಾನವಾಗಿ ತಲೆಯಾಡಿಸಿದರು. ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಆದರೆ ಅವರು ಶರ್ಟಿನ ಕಾಲರ್ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯಲ್ಲಿ ಕೂತರು.

"ವರದಿ ಹೇಳಿ ಮೇಡಂ. ಮೊದ್ಲು ಮೂರು ಒಳ್ಳೇದು."

ಎಂಜಿನ್ ಆಫ್ ಮಾಡಿ ಅವರ ಎದುರಿಗೆ ನಿಂತೆ. ಅವರು ಗುಬ್ಬಿಯ ಹುಡುಗನ ಎದುರು ನಿಂತ ಹಾಗೆಯೇ.

"ಒಂದು, ಇದು ನಿಂತಿದ್ದ ನೆಲ ಚೊಕ್ಕವಾಗಿದೆ. ಎರಡು, ಬಿದ್ದಿದ್ದನ್ನ ಓನರ್ ಬಿದ್ದಿದೆ ಅಂತ್ಲೇ ಹೇಳಿದ್ರು."

"ನಂಗೆ ಬೆಕ್ಕು ಅಂದಿದ್ರು" ಎಂದರು ಆಂಟಿ ಬಾಗಿಲಿನಿಂದ.

"ಸುಮ್ನಿರೇ. ಮೂರು?"

"ಮೂರು, ತಣ್ಣಗಾಗೋವರ್ಗೂ ಕಾಯ್ತೀವಿ ಅಂದಾಗ ಓನರ್ ನಕ್ಕರು. ಬೇರೆ ಯಾರೂ ನಕ್ಕಿರ್ಲಿಲ್ಲ."

ಸಾರ್ ದೋಷಕ್ಕೆ ಕಾಯುತ್ತಿದ್ದರು.

"ದೋಷ ಒಂದೇ. ಟೆನ್ಷನರ್. ನನ್ನ ವರದಿ ಇಷ್ಟು."

ಅವರು ಬೈಕನ್ನು ಒಮ್ಮೆ ನೋಡಿದರು. ನಮ್ಮ ಮನೆಯ ಕಡೆ ನೋಡಿದರು. ಅಪ್ಪ ಗೇಟಿಗೆ ಒರಗಿಕೊಂಡು, ಪೇಪರ್ ಓದುವವರಂತೆ ನಟಿಸುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಸಾರ್ ಕೈಯೆತ್ತಿ, ರಸ್ತೆಯ ಆಚೆಗೆ ಕೇಳುವಂತೆ, ತಮ್ಮ ಜೀವನದಲ್ಲಿ ಯಾರ ಬೈಕಿಗೂ ಹೇಳದ ಮಾತನ್ನು ಹೇಳಿದರು:

"ಹೂಂ!"